ಮೊದಲು ನಾನೇ ಊದಿದ ಕ್ಲಾರಿನೆಟ್

2018ರಲ್ಲಿ ನಾನು ಮುಂಡಗೋಡದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಬ್ಯಾಂಡ್ ಮಾಸ್ತರನಾಗಿದ್ದೆ. ಹಾಜರಿ ಪುಸ್ತಕದಲ್ಲಿ ಸಂಗೀತ ಶಿಕ್ಷಕ ಎಂದಿತ್ತು. ಆದರೆ ಹೆಡ್‌ಮಾಸ್ತರರಿಂದ ಹಿಡಿದು ಗಂಟೆ ಬಾರಿಸುವ ಜವಾನನವರೆಗೆ ಎಲ್ಲರೂ ಕರೆಯುತ್ತಿದ್ದುದು ಬ್ಯಾಂಡ್ ಮಾಸ್ತರ ಎಂದೇ. ನನಗೂ ಅದೇ ಇಷ್ಟ. ನನ್ನೂರು ಹಳಿಯಾಳ. ಅಲ್ಲಿ ನಮ್ಮ ಚಾಚಾ ಮದುವೆ ಬ್ಯಾಂಡ್ ನಡೆಸುತ್ತಿದ್ದರು. ಹನ್ನೆರಡನೇ ವಯಸ್ಸಿಗೆ ಅವರ ಕೈಕೆಳಗೆ ಕ್ಲಾರಿನೆಟ್ ಹಿಡಿದ ನಾನು ದಾಂಡೇಲಿಯ ಗಿರಣಿ ಕಾರ್ಮಿಕರ ಮದುವೆಗಳಲ್ಲಿ, ಜೋಯಿಡಾ ಕಡೆಯ ಊರುಗಳಲ್ಲಿ ಇಪ್ಪತ್ತೆಂಟು ವರ್ಷ ಊದಿದೆ. ಆಮೇಲೆ ಟ್ರ್ಯಾಕ್ಟರಿನ ಮೇಲೆ ಧ್ವನಿಪೆಟ್ಟಿಗೆ ಏರಿಸಿಕೊಂಡು ಬರುವವರು ಬಂದರು, ನಮ್ಮ ಅಂಗಡಿ ಮುಚ್ಚಿತು, ನಾನು ಈ ಶಾಲೆ ಸೇರಿದೆ.

ನಾನು ಸಿಟ್ಟಿನ ಮನುಷ್ಯ. ಮಕ್ಕಳು ಹಿಂದಿನಿಂದ ನನ್ನನ್ನು ಮೆಣಸಿನಕಾಯಿ ಮಾಸ್ತರ ಅನ್ನುತ್ತಿದ್ದುದು ನನಗೆ ಗೊತ್ತಿತ್ತು, ಗೊತ್ತಿದ್ದೂ ಒಳಗೊಳಗೇ ಹಿಗ್ಗುತ್ತಿದ್ದೆ. ನಾಲ್ಕು ಮಾತು ಬೈಸಿಕೊಳ್ಳದೆ ಯಾರ ಕೈಗೂ ವಿದ್ಯೆ ಹತ್ತುವುದಿಲ್ಲ ಎಂದು ನಂಬಿದ್ದೆ. ಆ ನಂಬಿಕೆ ಎಂಥದೆಂದು ತೋರಿಸಿಕೊಟ್ಟವಳು ರೇಣುಕಾ. ನಡೆದದ್ದನ್ನು ಅವಳು ಎಲ್ಲೂ ಹೇಳಿಕೊಂಡಿಲ್ಲ. ಹಾಗಾಗಿ ನಾನೇ ಹೇಳಬೇಕು.

ರೇಣುಕಾ ಮುಂಡಗೋಡದ ಹತ್ತಿರದ ಹಳ್ಳಿ ಇಂದೂರಿನ ಹುಡುಗಿ. ತಂದೆ ಫಕೀರಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ, ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದಳು. 2016ರಲ್ಲಿ ಎಂಟನೇ ತರಗತಿಗೆ ಸೇರಿದ ಹುಡುಗಿ ಬ್ಯಾಂಡ್ ಕೋಣೆಯ ಬಾಗಿಲಲ್ಲಿ ಮೂರು ದಿನ ನಿಂತು ನೋಡಿದಳು. ನಾಲ್ಕನೇ ದಿನ ಒಳಗೆ ಬಂದು, ಕಪಾಟಿನಲ್ಲಿದ್ದ ಕ್ಲಾರಿನೆಟ್ ತೋರಿಸಿ ಅದನ್ನು ಕಲಿಯುತ್ತೇನೆ ಎಂದಳು. ಮೈಕಟ್ಟು ತೀರಾ ಸಣ್ಣದು. ಬೆರಳು ರಂಧ್ರಗಳನ್ನು ಮುಚ್ಚುತ್ತವೋ ಇಲ್ಲವೋ ಎಂದು ನನಗೆ ಅನುಮಾನ. ಮುಚ್ಚಿದವು, ಕಷ್ಟಪಟ್ಟು.

ಕ್ಲಾರಿನೆಟ್ಟಿನ ಮೊದಲ ಪಾಠ ಒಂದೇ ಒಂದು ಸ್ವರವನ್ನು ಅಲ್ಲಾಡದಂತೆ ಹಿಡಿಯುವುದು. ಬಾಯಿಗೆ ಬರುವ ತುದಿಗೆ ಮೌತ್‌ಪೀಸ್ ಎನ್ನುತ್ತಾರೆ. ಅದಕ್ಕೆ ಬೆತ್ತದಂಥ ಸಸ್ಯದ ತೆಳು ಪಟ್ಟಿಯನ್ನು ಕಟ್ಟಿರುತ್ತಾರೆ, ಅದೇ ರೀಡ್. ಉಸಿರು ಹೆಚ್ಚಾದರೆ ರೀಡ್ ಕಿರುಚುತ್ತದೆ, ಕಡಿಮೆಯಾದರೆ ಸತ್ತುಹೋಗುತ್ತದೆ. ಹೊಸಬರು ಐದು ಎಣಿಸುವಷ್ಟರಲ್ಲಿ ಕೆಮ್ಮುತ್ತಾರೆ. ರೇಣುಕಾ ಎರಡನೇ ವಾರಕ್ಕೆ ಹದಿನೆಂಟು ಎಣಿಸುವವರೆಗೆ ಹಿಡಿದಳು. ಎಣಿಸುತ್ತಿದ್ದ ನಾನೇ ಲೆಕ್ಕ ತಪ್ಪಿದೆನೇನೋ ಎಂದುಕೊಂಡು ಮತ್ತೊಮ್ಮೆ ಊದಿಸಿದೆ. ಮತ್ತೆ ಹದಿನೆಂಟು. ನಲವತ್ತು ವರ್ಷದ ಕಸುಬಿನಲ್ಲಿ ಅಂಥ ಉಸಿರಿನ ಮಗುವನ್ನು ನಾನು ಕಂಡಿರಲಿಲ್ಲ.

ಹತ್ತನೇ ತರಗತಿಗೆ ಬರುವಷ್ಟರಲ್ಲಿ ಅವಳ ವಿದ್ಯೆ ಶಾಲೆಯ ವಾದ್ಯವನ್ನು ದಾಟಿ ಹೋಗಿತ್ತು. ಅದು ಹಳೆಯ ಪ್ಲಾಸ್ಟಿಕ್ ಕ್ಲಾರಿನೆಟ್. ಕೀಗಳ ಕೆಳಗಿನ ಪ್ಯಾಡುಗಳಿಂದ ಗಾಳಿ ಸೋರುತ್ತಿತ್ತು. ಈ ವಾದ್ಯದಲ್ಲಿ ಕೆಳಗಿನ ಸಪ್ತಕದಿಂದ ಮೇಲಕ್ಕೆ ದಾಟುವ ಒಂದು ಜಾಗವಿದೆ, ನಾವು ಅದನ್ನು ಬ್ರೇಕ್ ಎನ್ನುತ್ತೇವೆ. ಒಂದೋ ಎರಡೋ ಬೆರಳು ಇಟ್ಟಿದ್ದ ಕಡೆ ಒಮ್ಮೆಲೇ ಎಲ್ಲ ಬೆರಳುಗಳೂ ಕೂರಬೇಕು. ಎಲ್ಲಾದರೂ ಗಾಳಿ ಸೋರಿದರೆ ಕೀಚಲು ದನಿ ಬರುತ್ತದೆ. ಬ್ರೇಕ್ ದಾಟುವಾಗಲೆಲ್ಲ ಅವಳು ತನ್ನದೇ ತಪ್ಪೆಂಬಂತೆ ತಲೆ ತಗ್ಗಿಸುತ್ತಿದ್ದಳು. ತಪ್ಪು ಅವಳದಾಗಿರಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಶಾಲೆಯ ಕಾರ್ಯಕ್ರಮಕ್ಕೆ ಧಾರವಾಡದಿಂದ ಒಬ್ಬ ಹಿರಿಯ ಸಂಗೀತ ಶಿಕ್ಷಕರು ಬಂದಿದ್ದರು. ರೇಣುಕಾ ನುಡಿಸಿದ ಭೀಮಪಲಾಸ ರಾಗ ಕೇಳಿ ನನ್ನನ್ನು ಪಕ್ಕಕ್ಕೆ ಕರೆದರು. ತಮ್ಮ ಸಂಸ್ಥೆಯಲ್ಲಿ ವಸತಿ, ಊಟದೊಂದಿಗೆ ಸಂಗೀತ ಕಲಿಸಿ, ಜೊತೆಗೆ ಪಿಯುಸಿ ಓದಿಸುತ್ತಾರಂತೆ. ಗಾಳಿವಾದ್ಯಕ್ಕೆ ವರ್ಷಕ್ಕೆ ಒಂದೇ ಸೀಟು. ಮೇ ತಿಂಗಳಲ್ಲಿ ಅರ್ಧ ಗಂಟೆ ನುಡಿಸಿ ತೋರಿಸಬೇಕು. ಅಷ್ಟರೊಳಗೆ ಹುಡುಗಿಗೆ ಒಳ್ಳೆಯ ವಾದ್ಯ ಕೊಡಿಸಿ ಎಂದರು. ಆ ಸೀಟು ಸಿಗದಿದ್ದರೆ ಹತ್ತನೇ ತರಗತಿಗೆ ಅವಳ ಓದು ಮುಗಿಯುತ್ತಿತ್ತು. ಫಕೀರಪ್ಪ ಅದನ್ನು ಮೊದಲೇ ಹೇಳಿದ್ದ, ಮಗಳ ಎದುರಿಗೇ.

ಹೊಸ ವಾದ್ಯ ಕೊಡಿಸಲು ಶಾಲೆಯ ಆಡಳಿತ ಮಂಡಳಿ ಒಪ್ಪಿತು. ಅಕ್ಟೋಬರಿನ ಒಂದು ಶನಿವಾರ ನಾನು, ಫಕೀರಪ್ಪ, ರೇಣುಕಾ ಮೂವರೂ ಹುಬ್ಬಳ್ಳಿಯ ಒಂದು ವಾದ್ಯದ ಅಂಗಡಿಗೆ ಹೋದೆವು. ಅಂಗಡಿಯವರು ನನ್ನ ಹಳೆಯ ಪರಿಚಯ. ಮೇಜಿನ ಮೇಲೆ ಬಟ್ಟೆ ಹಾಸಿ ಮೂರು ಕ್ಲಾರಿನೆಟ್ ಇಟ್ಟರು. ಮೊದಲನೆಯದು ಬರೀ ಮೇಲಿನ ಹೊಳಪು. ಕೀ ಒತ್ತಿದರೆ ಬಳುಕುತ್ತಿತ್ತು, ಪಕ್ಕಕ್ಕೆ ಸರಿಸಿದೆ. ಎರಡನೆಯದು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು. ಕೀಗಳು ಬಿಗಿ, ಪ್ಯಾಡುಗಳು ಹೊಸವು, ಕೈಗೆ ಹಗುರ. ಮೂರನೆಯದು ಆಫ್ರಿಕಾದ ಕರಿಮರದ್ದು, ಒಬ್ಬ ವಾದಕರು ಬಳಸಿ ಮಾರಿದ್ದು. ಅದನ್ನು ಕಂಡದ್ದೇ ಕೈಗೆತ್ತಿಕೊಂಡೆ. ಮರದ ಕ್ಲಾರಿನೆಟ್ ಕೊಳ್ಳಬೇಕೆಂಬುದು ನನ್ನ ಹದಿನಾರನೇ ವಯಸ್ಸಿನ ಆಸೆ. ಬಿಸಿಲಲ್ಲಿ, ಮಳೆಯಲ್ಲಿ ಊದುವ ಮದುವೆ ಬ್ಯಾಂಡಿನವನಿಗೆ ಮರ ಎಲ್ಲಿಂದ ಬರಬೇಕು? ಬಂದರೂ ಬಿರಿದುಹೋಗುತ್ತಿತ್ತು. ಆ ಆಸೆ ನನ್ನೊಳಗೆ ಹಾಗೇ ಉಳಿದಿತ್ತು.

ಇಲ್ಲಿ ನಮ್ಮ ಬ್ಯಾಂಡ್ ಮನೆಯ ಒಂದು ಪದ್ಧತಿ ಹೇಳಬೇಕು. ಹೊಸ ವಾದ್ಯ ಬಂದರೆ ಮೊದಲ ಉಸಿರು ಉಸ್ತಾದರದು. ಅವರು ಬಿಸ್ಮಿಲ್ಲಾ ಎಂದು ಊದಿ, ಆಮೇಲೆ ಶಿಷ್ಯನ ಕೈಗೆ ಕೊಡುತ್ತಾರೆ. ಶಿಷ್ಯ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬೇಕು. ಹಾಗೆ ಕೊಟ್ಟ ವಾದ್ಯದಲ್ಲಿ ಕೊರತೆ ಹುಡುಕುವಂತಿಲ್ಲ, ತನಗೆ ಹೊಂದುವುದಿಲ್ಲ ಅನ್ನುವಂತಿಲ್ಲ. ಚಾಚಾ ನನಗೆ ಕೊಟ್ಟ ಕ್ಲಾರಿನೆಟ್ಟಿನ ಒಂದು ರಂಧ್ರದ ಅಂಚು ಚೂಪಾಗಿತ್ತು. ಉಂಗುರ ಬೆರಳಿನ ಚರ್ಮ ಸುಲಿದು ರಕ್ತ ಬರುತ್ತಿತ್ತು. ಆರು ವರ್ಷ ಅದನ್ನೇ ಊದಿದೆ, ಚಾಚಾಗೆ ಒಂದು ಮಾತು ಹೇಳಲಿಲ್ಲ. ದೊಡ್ಡವನಾದ ಮೇಲೆ ಈ ಕತೆಯನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ರೇಣುಕಾ ಅದನ್ನು ಹತ್ತು ಸಲವಾದರೂ ಕೇಳಿದ್ದಳು.

ಅಂಗಡಿಯಲ್ಲಿ ನಾನು ಜೇಬಿನಿಂದ ನನ್ನದೇ ಮೌತ್‌ಪೀಸ್ ತೆಗೆದು ಎರಡನೆಯದನ್ನೂ ಮೂರನೆಯದನ್ನೂ ಊದಿ ನೋಡಿದೆ. ಎರಡನೆಯದು ಚೊಕ್ಕಟವಾಗಿತ್ತು, ಬ್ರೇಕ್ ಸಲೀಸಾಗಿ ದಾಟಿತು. ಮೂರನೆಯದರಲ್ಲಿ ಮಂದ್ರದ ಸ್ವರ ಹಿಡಿದಾಗ ಅಂಗಡಿಯ ಕೆಲಸದವರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು. ನಾನು ಹತ್ತು ನಿಮಿಷ ಊದಿದೆ. ನಿಜ ಹೇಳುತ್ತೇನೆ, ಆ ಹತ್ತು ನಿಮಿಷ ನನಗೆ ಹುಡುಗಿಯ ನೆನಪೇ ಇರಲಿಲ್ಲ.

ಅಂಗಡಿಯವರು ಅನುಭವಸ್ಥರು. "ಊದಾಕಿ ಅಕಿ ಅದಾಳ್ರಿ ಮಾಸ್ತರ. ಒಂದ ಸಲ ಅಕಿ ಕೈಯಾಗ ಕೊಟ್ಟು ನೋಡ್ರಿ" ಎಂದರು.

"ನಮ್ಮಲ್ಲಿ ಆ ಪದ್ಧತಿ ಇಲ್ರಿ" ಎಂದೆ.

ಆ ಹೊತ್ತಿಗೆ ರೇಣುಕಾ ಸ್ಟೂಲಿನಿಂದ ಎದ್ದು, ಎರಡನೆಯ ಕ್ಲಾರಿನೆಟ್ಟನ್ನು ಮೆಲ್ಲಗೆ ಎತ್ತಿಕೊಂಡಿದ್ದಳು. ಬಾಯಿಗೆ ಇಟ್ಟುಕೊಳ್ಳಲಿಲ್ಲ. ಬೆರಳುಗಳನ್ನು ಒಂದೊಂದಾಗಿ ರಂಧ್ರಗಳ ಮೇಲೆ ಕೂರಿಸಿ, ಎತ್ತಿ, ಮತ್ತೆ ಕೂರಿಸಿ ನೋಡುತ್ತಿದ್ದಳು. ಮುಖದಲ್ಲಿ ಒಂದು ನೆಮ್ಮದಿಯಿತ್ತು. ನಾನು ಅದನ್ನು ಕಂಡೆ. ಕಂಡೂ, ಮರದ್ದನ್ನೇ ಕಟ್ಟಲು ಹೇಳಿದೆ. ಅವಳು ಕೈಯಲ್ಲಿದ್ದುದನ್ನು ಬಟ್ಟೆಯ ಮೇಲೆ ಇಟ್ಟು ಬಂದು, ನಾನು ಬಿಸ್ಮಿಲ್ಲಾ ಎಂದು ಊದಿ ಕೊಟ್ಟ ಕ್ಲಾರಿನೆಟ್ಟನ್ನು ಕಣ್ಣಿಗೊತ್ತಿಕೊಂಡಳು. ಫಕೀರಪ್ಪ ನನಗೆ ಕೈಮುಗಿದ.

ಕ್ಲಾರಿನೆಟ್ ಹಿಡಿಯುವ ಕ್ರಮ ಓದುಗರಿಗೆ ಗೊತ್ತಿರಲಾರದು. ಹತ್ತು ಬೆರಳಲ್ಲಿ ಒಂಬತ್ತಕ್ಕೆ ರಂಧ್ರ ಮುಚ್ಚುವ, ಕೀ ಒತ್ತುವ ಕೆಲಸ. ಬಲಗೈ ಹೆಬ್ಬೆರಳಿಗೆ ಅದ್ಯಾವುದೂ ಇಲ್ಲ. ವಾದ್ಯದ ಹಿಂಭಾಗದಲ್ಲಿ ಥಂಬ್ ರೆಸ್ಟ್ ಎಂಬ ಸಣ್ಣ ಕೊಕ್ಕೆ ಇರುತ್ತದೆ. ಅದರ ಕೆಳಗೆ ಹೆಬ್ಬೆರಳು ಕೊಟ್ಟು ನಿಲ್ಲಬೇಕು. ಇಡೀ ವಾದ್ಯದ ಭಾರ ಬೀಳುವುದು ಆ ಒಂದು ಬೆರಳಿನ ಮೇಲೆ. ದೊಡ್ಡವರ ಕೈಗೆ ಇದು ಲೆಕ್ಕಕ್ಕಿಲ್ಲ. ರೇಣುಕಾಳ ಹೆಬ್ಬೆರಳು ನನ್ನ ಕಿರುಬೆರಳಿನಷ್ಟಿತ್ತು.

ನವೆಂಬರಿನಿಂದ ಅಭ್ಯಾಸವನ್ನು ದಿನಕ್ಕೆ ಮೂರು ಗಂಟೆಗೆ ಏರಿಸಿದೆ. ದನಿ ಎಷ್ಟು ತುಂಬಿಬಂತೆಂದರೆ ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಪಾಠ ನಿಲ್ಲಿಸಿ ಕಿಟಕಿಗೆ ಬರುತ್ತಿದ್ದರು. ನಾನು ಬೀಗಿದೆ. ಡಿಸೆಂಬರಿನಲ್ಲಿ ಅವಳ ಬಲಗೈ ಹೆಬ್ಬೆರಳ ಬುಡಕ್ಕೆ ಬಟ್ಟೆ ಸುತ್ತಿದ್ದು ಕಂಡಿತು. ಏನಾಯಿತೆಂದು ಕೇಳಿದೆ. ಗೋವಿನಜೋಳ ಸುಲಿಯುವಾಗ ಉಳುಕಿದೆ ಎಂದಳು. ಇಂದೂರಿನ ಮನೆಗಳಲ್ಲಿ ಅದು ಸುಗ್ಗಿಯ ಕಾಲ, ಸುಲಿಯದ ಕೈಯಿಲ್ಲ. ನಂಬಿದೆ. ಜನವರಿಯಲ್ಲೂ ಬಟ್ಟೆ ಹಾಗೇ ಇತ್ತು. ಸುಗ್ಗಿ ಮುಗಿದ ಮೇಲೂ ಉಳುಕು ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಫೆಬ್ರುವರಿಯ ಒಂದು ದಿನ ಅವಳು ಕುರ್ಚಿಯಲ್ಲಿ ಕೂತು, ಕ್ಲಾರಿನೆಟ್ಟಿನ ಕೆಳತುದಿಯ ಅಗಲ ಬಾಯನ್ನು ಮೊಣಕಾಲಿನ ಮೇಲೆ ಊರಿಕೊಂಡು ನುಡಿಸುತ್ತಿದ್ದಳು. ಹಾಗೆ ಊರಿದರೆ ಭಾರ ಕಾಲಿಗೆ ಹೋಗುತ್ತದೆ, ಹೆಬ್ಬೆರಳಿಗೆ ಆರಾಮ. ನಮ್ಮ ಬ್ಯಾಂಡಿನಲ್ಲಿ ಹಾಗೆ ಮಾಡುವುದು ನಾಚಿಕೆಗೇಡು. ನನಗೆ ಸಿಟ್ಟು ನೆತ್ತಿಗೇರಿತು. "ಮೊಣಕಾಲ ಮ್ಯಾಲೆ ಇಟ್ಕೊಂಡು ಎಳೀಲಿಕ್ಕೆ ಇದೇನು ಹುಕ್ಕಾ ಮಾಡಿಯೇನು? ಎದ್ದು ನಿಂದರು" ಎಂದೆ. ಕೋಣೆಯಲ್ಲಿದ್ದ ಮಕ್ಕಳೆಲ್ಲ ನಕ್ಕರು. ಅವಳೂ ನಕ್ಕಳು. ಎದ್ದು ನಿಂತು ಪೂರ್ತಿ ಒಂದು ಗಂಟೆ ನುಡಿಸಿದಳು. ಅಂದಿನಿಂದ ಮತ್ತೆಂದೂ ಅವಳು ಮೊಣಕಾಲಿಗೆ ಊರಲಿಲ್ಲ.



2019ರ ಮೇ ಮೊದಲ ವಾರ ಧಾರವಾಡಕ್ಕೆ ಹೋದೆವು. ಎತ್ತರದ ಕಿಟಕಿಗಳ ಕೋಣೆ, ಮುಂದೆ ಮೂವರು ಪರೀಕ್ಷಕರು. ಅವರಲ್ಲಿ ಒಬ್ಬರು ನಮ್ಮ ಶಾಲೆಗೆ ಬಂದಿದ್ದ ಹಿರಿಯರು. ರೇಣುಕಾ ನಿಂತು ಭೀಮಪಲಾಸದ ಆಲಾಪ ಎತ್ತಿಕೊಂಡಳು. ಮೊದಲ ಹತ್ತು ನಿಮಿಷ ಮೂವರೂ ಕಣ್ಣು ಮುಚ್ಚಿ ಕೇಳಿದರು. ಫಕೀರಪ್ಪ ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕ ಕೂತಿದ್ದ. ಸೀಟು ಕೈಗೆ ಬಂತು ಎಂದೇ ನಾನು ತಿಳಿದೆ.

ಹದಿನಾಲ್ಕನೆಯ ನಿಮಿಷದ ಹೊತ್ತಿಗೆ ಮಂದ್ರದ ಸ್ವರವೊಂದು ನಡುಗಿತು. ಅವಳ ಸ್ವರ ನಡುಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮರುಕ್ಷಣ ಬಲಗೈ ಹೆಬ್ಬೆರಳು ಮಡಚಿಕೊಂಡು, ಕ್ಲಾರಿನೆಟ್ ಜಾರಿತು. ಅವಳು ಎಡಗೈಯಿಂದ ಅದನ್ನು ಎದೆಗೆ ಅವುಚಿಕೊಂಡಳು. ಬೀಳಲು ಬಿಡಲಿಲ್ಲ. ಮತ್ತೆ ಎತ್ತಲು ನೋಡಿದಳು, ಹೆಬ್ಬೆರಳು ಮೇಲೇಳಲಿಲ್ಲ. ಮತ್ತೆ ನೋಡಿದಳು. ಪರೀಕ್ಷಕರಲ್ಲಿ ಒಬ್ಬರು ಸಾಕಮ್ಮಾ, ಕೂಡು ಎಂದರು.

ಹಿರಿಯರು ಎದ್ದು ಬಂದು ಅವಳ ಕೈಯ ಬಟ್ಟೆ ಬಿಚ್ಚಿದರು. ಹೆಬ್ಬೆರಳ ಬುಡ ಬಾತುಕೊಂಡು ಬಿಸಿಯಾಗಿತ್ತು. ಅವರು ಕ್ಲಾರಿನೆಟ್ ಎತ್ತಿ ತೂಗಿ ನೋಡಿ, ಹಿಂದಿನ ಥಂಬ್ ರೆಸ್ಟ್ ನೋಡಿ, ಇದಕ್ಕೆ ಕೊರಳಿಗೆ ಹಾಕುವ ಪಟ್ಟಿ ಯಾಕೆ ಜೋಡಿಸಲಿಲ್ಲ ಎಂದು ನನ್ನನ್ನು ಕೇಳಿದರು. ದನಿಯಲ್ಲಿ ಆಕ್ಷೇಪವಿರಲಿಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಸ್ಯಾಕ್ಸೊಫೋನಿನವರು ಹಾಕುವ ಪಟ್ಟಿ ಅದು. ಥಂಬ್ ರೆಸ್ಟ್ ಬದಲಿಸಿ, ಉಂಗುರವಿರುವ ಇನ್ನೊಂದನ್ನು ಕೂರಿಸಿದರೆ ಕ್ಲಾರಿನೆಟ್ಟಿಗೂ ಬರುತ್ತದೆ. ಎರಡು ಸ್ಕ್ರೂಗಳ ಕೆಲಸ, ನಾನೇ ಕಾಲು ಗಂಟೆಯಲ್ಲಿ ಮಾಡಬಹುದಿತ್ತು. ಪಟ್ಟಿ ಕಟ್ಟಿಕೊಂಡು ಊದುವವರನ್ನು ಕಂಡು ಜೀವನವಿಡೀ ಗೇಲಿ ಮಾಡಿದವನು ನಾನು.

ಹುಬ್ಬಳ್ಳಿಯ ಮೂಳೆ ವೈದ್ಯರು ನೋಡಿದರು. ಹೆಬ್ಬೆರಳನ್ನು ಎಳೆಯುವ ಟೆಂಡನ್ ಎಂಬ ಹುರಿ ಓಡಾಡುವ ಒರೆ ಬಾತಿದೆ, ಅದು ವಾಸಿಯಾಗುತ್ತದೆ, ಆದರೆ ಬುಡದ ಕೀಲು ಸಡಿಲಾಗಿದೆ, ಅದು ಮೊದಲಿನಂತೆ ಆಗುವುದು ಕಷ್ಟ ಎಂದರು. ಎಷ್ಟು ದಿನದಿಂದ ನೋವು ಎಂದು ಕೇಳಿದಾಗ ರೇಣುಕಾ ನನ್ನ ಮುಖ ನೋಡಿದಳು, ಆಮೇಲೆ ದೀಪಾವಳಿಯಿಂದ ಎಂದಳು. ಆರು ತಿಂಗಳು.

ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. "ಒಂದ ಮಾತು ನನಗ ಯಾಕ ಹೇಳಲಿಲ್ಲ ಬೇಟಾ?" ಎಂದೆ.

ಅವಳು ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. "ನೀವು ಊದಿ ಕೊಟ್ಟಿದ್ರಿ ಸರ್. ಭಾರ ಆಗ್ತೈತಿ ಅಂತ ಹೆಂಗ ಹೇಳ್ಲಿ?"

ಫಕೀರಪ್ಪ ನನ್ನನ್ನು ಬೈಯಲಿಲ್ಲ. ನಮ್ಮ ನಸೀಬು ಬಿಡ್ರಿ ಮಾಸ್ತರ, ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಎಂದು ನನಗೇ ಸಮಾಧಾನ ಹೇಳಿ, ಚಹಾ ತಂದುಕೊಟ್ಟ. ಕಪಾಳಕ್ಕೆ ಒಂದು ಬಿಟ್ಟಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತೇನೋ.

ಮುಂಡಗೋಡಕ್ಕೆ ಬಂದ ಮರುದಿನ ಎರಡೂ ಕ್ಲಾರಿನೆಟ್ಟುಗಳನ್ನು ಪೇಟೆಯ ಒಂದು ಕಿರಾಣಿ ಅಂಗಡಿಗೆ ಒಯ್ದು ತೂಕದ ಯಂತ್ರದ ಮೇಲೆ ಇಟ್ಟೆ. ಅಂಗಡಿಯವ ನನಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದ. ಹಳೆಯದು ಆರುನೂರ ನಲವತ್ತು ಗ್ರಾಂ, ಮರದ್ದು ಎಂಟುನೂರ ಮೂವತ್ತು. ವ್ಯತ್ಯಾಸ ನೂರ ತೊಂಬತ್ತು ಗ್ರಾಂ, ಎರಡು ಈರುಳ್ಳಿಯ ತೂಕ. ಅಷ್ಟು ಹೆಚ್ಚಿನ ಭಾರವನ್ನು ಆ ಮಗು ದಿನಕ್ಕೆ ಮೂರು ಗಂಟೆ, ಆರು ತಿಂಗಳು, ಒಂದು ಬೆರಳಿನ ಮೇಲೆ ಹೊತ್ತಿತ್ತು.

ಧಾರವಾಡದವರು ದೊಡ್ಡ ಮನಸ್ಸಿನವರು. ಮುಂದಿನ ಮೇ ತಿಂಗಳಿಗೆ ಮತ್ತೊಮ್ಮೆ ಬರಲು ಹೇಳಿದರು. ನಾನು ಹುಬ್ಬಳ್ಳಿಗೆ ಹೋಗಿ ಕೊರಳ ಪಟ್ಟಿ ತಂದೆ, ಥಂಬ್ ರೆಸ್ಟ್ ಬದಲಿಸಿದೆ. ಎಂಟು ತಿಂಗಳ ವಿಶ್ರಾಂತಿಯ ಮೇಲೆ ಅವಳು ಊದಿದಳು. ಉಸಿರು ಹಾಗೇ ಇತ್ತು. ಆದರೆ ಪಟ್ಟಿ ಭಾರ ಹೊತ್ತರೂ ವಾದ್ಯ ಅಲುಗದಂತೆ ಹಿಡಿಯಲು ಹೆಬ್ಬೆರಳು ಬೇಕೇ ಬೇಕು. ಹತ್ತು ನಿಮಿಷಕ್ಕೆ ಬೆರಳು ಸೋಲುತ್ತಿತ್ತು. ಆ ಮೇ ತಿಂಗಳು ಬರುವಷ್ಟರಲ್ಲಿ ಲಾಕ್‌ಡೌನ್ ಆಗಿ ಎಲ್ಲವೂ ಮುಚ್ಚಿತ್ತು. ತೆರೆದಿದ್ದರೂ ಅರ್ಧ ಗಂಟೆ ನುಡಿಸುವುದು ಅವಳಿಂದ ಆಗುತ್ತಿರಲಿಲ್ಲ.

2021ರಲ್ಲಿ ನಾನು ಶಾಲೆ ಬಿಟ್ಟೆ. ಈಗ ಹಳಿಯಾಳದ ಮನೆಯಲ್ಲಿ ವಾದ್ಯ ರಿಪೇರಿ ಮಾಡುತ್ತೇನೆ, ನಾಲ್ಕಾರು ಮಕ್ಕಳು ಕಲಿಯಲು ಬರುತ್ತಾರೆ. ಹೊಸ ವಾದ್ಯ ಬಂದರೆ ಮಗುವಿನ ಕೈಗೆ ಕೊಟ್ಟು ನಾನು ಹೊರಗೆ ಹೋಗಿ ಕೂರುತ್ತೇನೆ. ನಾನು ಎದುರಿಗಿದ್ದರೆ ಅವು ಚೆನ್ನಾಗಿದೆ ಎಂದೇ ಹೇಳುತ್ತವೆ. ಚಾಚಾ ಬದುಕಿದ್ದರೆ ನನ್ನನ್ನು ಮನೆಯಿಂದ ಆಚೆ ಹಾಕುತ್ತಿದ್ದರು. ಹಾಕಲಿ.

ಕಳೆದ ವರ್ಷ ಮುಂಡಗೋಡಕ್ಕೆ ಹೋದಾಗ ರೇಣುಕಾಳನ್ನು ನೋಡಿದೆ. ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಇಪ್ಪತ್ತು ದಾಟಿದ ಹುಡುಗಿ, ಅದೇ ಸಣ್ಣ ಮೈಕಟ್ಟು. ನನ್ನನ್ನು ಕಂಡು ಕೌಂಟರಿನಿಂದ ಹೊರಗೆ ಬಂದು ಕಾಲು ಮುಟ್ಟಿದಳು. ಸಕ್ಕರೆ ಕಾಯಿಲೆ ಹೇಗಿದೆ, ಗುಳಿಗೆ ತಪ್ಪಿಸುವುದಿಲ್ಲ ತಾನೇ ಎಂದು ವಿಚಾರಿಸಿದಳು. ನಾನು ಆರು ವರ್ಷದಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು ಹೇಳಿದೆ. ತಪ್ಪು ನನ್ನದು, ನನ್ನ ಆಸೆಯನ್ನು ನಿನ್ನ ಕೈಗೆ ಕಟ್ಟಿದೆ, ಮಾಫ್ ಮಾಡು ಎಂದೆ. ಅವಳು ಗಾಬರಿಯಾಗಿ, ಹಾಗೆಲ್ಲ ಅನ್ನಬೇಡಿ ಸರ್, ನೀವು ಒಳ್ಳೆಯದಕ್ಕೇ ಮಾಡಿದ್ದು, ನನ್ನ ಬೆರಳೇ ಸರಿಯಿರಲಿಲ್ಲ ಎಂದು ನಕ್ಕಳು.

ನಾನು ಅವಳಿಗೆ ಉಸಿರು ಹಿಡಿಯುವುದು ಕಲಿಸಿದೆ, ನಾಲಿಗೆಯಿಂದ ಸ್ವರ ಬಿಡಿಸುವುದು ಕಲಿಸಿದೆ, ಬ್ರೇಕ್ ದಾಟುವುದು ಕಲಿಸಿದೆ. ನನ್ನ ಎದುರು ನಿಂತು ಒಲ್ಲೆ ಅನ್ನುವುದನ್ನು ಕಲಿಸಲಿಲ್ಲ. ಕಲಿಸುವವನ ಮೊದಲ ಕೆಲಸ ಅದೇ ಎಂದು ನನಗೆ ಗೊತ್ತಾಗುವಷ್ಟರಲ್ಲಿ ಆ ಹುಡುಗಿ, ತಪ್ಪು ತನ್ನ ಬೆರಳಿನದೇ ಎಂದು ನಂಬಿಬಿಟ್ಟಿದ್ದಳು.